ಆಲೆಮನೆಯಿಂದ ಹಡಗಿಗೆ: ಮಂಡ್ಯದ ಬೆಲ್ಲವನ್ನು ಹೊರದೇಶಕ್ಕೆ ಕಳಿಸುವ ಬಗೆ

ಮಂಡ್ಯದ ಎಪಿಎಂಸಿಗೆ ಬೆಲ್ಲ ತಂದವರಿಗೆಲ್ಲ ಗೊತ್ತಿರುವ ಮಾತಿದು: ವರ್ತಕ ಅಚ್ಚನ್ನು ಮುರಿದು ಚೂರೊಂದನ್ನು ಬಾಯಿಗೆ ಹಾಕಿಕೊಳ್ಳುವ ಮೊದಲೇ ಬೆಲೆ ಅರ್ಧ ತೀರ್ಮಾನವಾಗಿರುತ್ತದೆ. ತೀರ್ಮಾನ ಮಾಡುವುದು ಬಣ್ಣ. ಹೊಂಬಣ್ಣಕ್ಕೆ ಹೊಳೆಯುವ ಬೆಲ್ಲಕ್ಕೆ ಒಂದು ದರ, ಕಂದು ಬೆಲ್ಲಕ್ಕೆ ಅದಕ್ಕಿಂತ ಕೆಳಗಿನ ದರ. ಆ ಬಣ್ಣದ ಆಸೆಗೇ ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕ ಬೀಳುತ್ತದೆ. ಹೊರದೇಶಕ್ಕೆ ಕಳಿಸಲು ಹೊರಟಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿಯ ಗಿರಾಕಿ ಬೆಲ್ಲ ಕೊಳ್ಳುವುದೇ ಅದು ಸಕ್ಕರೆಯಂತೆ ಬೆಳ್ಳಗಿಲ್ಲ ಎಂಬ ಕಾರಣಕ್ಕೆ. ಇಲ್ಲಿ ದರ ತರುವ ಬಣ್ಣ ಅಲ್ಲಿ ಅನುಮಾನ ತರುತ್ತದೆ.

ರಫ್ತು ಮಾಡಬೇಕೆಂದು ಕೇಳಿಕೊಂಡು ಬರುವವರು ಮೊದಲು ವಿಚಾರಿಸುವುದು ಲೈಸೆನ್ಸ್ ಎಲ್ಲಿ ಸಿಗುತ್ತದೆ ಎಂದು. ಲೈಸೆನ್ಸ್ ಈಗ ಮನೆಯಲ್ಲೇ ಕುಳಿತು ಮಾಡಿಕೊಳ್ಳುವ ಕೆಲಸ, ಅದರ ಮಾತು ಆಮೇಲೆ. ಕೊಪ್ಪರಿಗೆಯಿಂದ ಶುರು ಮಾಡೋಣ.

ಒಲೆಯ ಮೇಲಿನ ಕೆಲಸ

ಹೈಡ್ರೋಸ್ ಎಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಅದನ್ನು ಹಾಕಿದ ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ. ಅಮೆರಿಕದಲ್ಲಾಗಲಿ ಯುರೋಪಿನಲ್ಲಾಗಲಿ ಆಹಾರದಲ್ಲಿ ಸಲ್ಫೈಟ್ ಪ್ರತಿ ಕೆಜಿಗೆ 10 ಮಿಲಿಗ್ರಾಂ ದಾಟಿದರೆ ಅದನ್ನು ಲೇಬಲ್ ಮೇಲೆ ಬರೆಯಲೇಬೇಕು, ಏಕೆಂದರೆ ಉಬ್ಬಸ ಇರುವ ಕೆಲವರಿಗೆ ಅದು ಆಗುವುದಿಲ್ಲ. ಬರೆದರೆ ‘ನೈಸರ್ಗಿಕ ಬೆಲ್ಲ’ ಎಂದು ಕೊಳ್ಳಲು ಬಂದವನು ಹಿಂದೆ ಸರಿಯುತ್ತಾನೆ. ಬರೆಯದೆ ಸಿಕ್ಕಿಬಿದ್ದರೆ ಸರಕು ಬಂದರಿನಲ್ಲೇ ನಿಲ್ಲುತ್ತದೆ. ಹಾಗಾಗಿ ರಫ್ತಿನ ಕೊಪ್ಪರಿಗೆಗೆ ಹೈಡ್ರೋಸ್ ಬೇಡ. ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುವುದು ನಮ್ಮ ಹಿರಿಯರ ಕ್ರಮ. ಹೊತ್ತು ಹೆಚ್ಚು ಹಿಡಿಯುತ್ತದೆ, ಬೆಲ್ಲ ಕಂದಾಗುತ್ತದೆ. ಆಗಲಿ.

ಎರಡನೆಯದು ಸಕ್ಕರೆ. ಅಗ್ಗದ ಸಕ್ಕರೆಯನ್ನು ಕಬ್ಬಿನ ಹಾಲಿಗೆ ಬೆರೆಸಿ ಬೆಲ್ಲ ಇಳಿಸುವ ಚಾಳಿ ನಮ್ಮ ಜಿಲ್ಲೆಯಲ್ಲಿ ಇಲ್ಲವೆಂದು ಯಾರಾದರೂ ಹೇಳಿದರೆ ನಾನು ನಗುತ್ತೇನೆ. ನೀವು ಆಲೆಮನೆಯವರಲ್ಲದೆ, ಬೇರೆಯವರಿಂದ ಬೆಲ್ಲ ಕೊಂಡು ಕಳಿಸುವವರಾದರೆ ಒಂದು ದಿನ ಪೂರ್ತಿ ಅಲ್ಲೇ ಕುಳಿತು ಗಾಣದಿಂದ ಅಚ್ಚಿನವರೆಗೆ ನೋಡಿ. ಒಲೆಗೆ ಏನು ಹಾಕುತ್ತಾರೆ ಎಂಬುದನ್ನೂ ನೋಡಿ. ಕಬ್ಬಿನ ಸಿಪ್ಪೆ ಒಣಗಿಲ್ಲವೆಂದು ಹಳೆಯ ಟಯರು, ಪ್ಲಾಸ್ಟಿಕ್ಕು ತುಂಬುವ ಕಡೆಯಿಂದ ಒಂದು ಅಚ್ಚನ್ನೂ ತೆಗೆದುಕೊಳ್ಳಬೇಡಿ.

ಮೂರನೆಯದು ದಾಖಲೆ ಪುಸ್ತಕ. ಎಂಬತ್ತು ರೂಪಾಯಿಯ ಒಂದು ಉದ್ದ ನೋಟ್‌ಬುಕ್ ಸಾಕು. ತಾರೀಖು, ಕಬ್ಬು ಯಾರ ಗದ್ದೆಯದು, ಆ ಗದ್ದೆಗೆ ಕೊನೆಯ ಬಾರಿ ಯಾವ ಔಷಧಿ ಹೊಡೆದದ್ದು, ಎಷ್ಟು ಕೊಪ್ಪರಿಗೆ ಇಳಿದದ್ದು, ಆ ದಿನದ ಬ್ಯಾಚ್ ಸಂಖ್ಯೆ, ಇಷ್ಟು ಅದರಲ್ಲಿರಲಿ. ಜರ್ಮನಿಯ ಖರೀದಿದಾರ ಕೇಳುವ ನೂರು ಪ್ರಶ್ನೆಗಳಲ್ಲಿ ಎಂಬತ್ತಕ್ಕೆ ಉತ್ತರ ಈ ಪುಸ್ತಕದಲ್ಲೇ ಇರುತ್ತದೆ.

ಮಾದರಿಯನ್ನು ಪರೀಕ್ಷೆ ಮಾಡಿಸುವ ವಿಷಯದಲ್ಲಿ ನಾವು ಅದೃಷ್ಟವಂತರು. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಿಂದ ಕೇಂದ್ರದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ; ಮಂಡ್ಯದಿಂದ ಒಂದು ಗಂಟೆಯ ದಾರಿ. ತೇವಾಂಶ, ಸಲ್ಫೈಟ್, ಕೀಟನಾಶಕದ ಶೇಷ, ಸೀಸದಂಥ ಭಾರ ಲೋಹಗಳು, ಸೂಕ್ಷ್ಮಜೀವಿಗಳು, ಈ ಐದನ್ನು ಮೊದಲ ಸಲವೇ ಮಾಡಿಸಿ. ಬೆಲ್ಲ ಮಾಡುವ ಕ್ರಮವನ್ನೇ ಸುಧಾರಿಸಬೇಕೆನ್ನುವವರಿಗೆ ಮಂಡ್ಯದ ವಿ.ಸಿ. ಫಾರಂನಲ್ಲಿ ಬೆಲ್ಲದ ಪಾರ್ಕ್ ಇದೆ, ಹೋಗಿ ನೋಡಿ. ಘಟಕಕ್ಕೆ ಬಂಡವಾಳ ಬೇಕೆಂದರೆ, ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆಂದು ಇರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಗುರುತಿಸಿದ ಉತ್ಪನ್ನವೇ ಬೆಲ್ಲ. ಕರ್ನಾಟಕದಲ್ಲಿ ಅದನ್ನು ನೋಡಿಕೊಳ್ಳುವುದು ಕೆಪೆಕ್ ಎಂಬ ರಾಜ್ಯ ಸರ್ಕಾರದ ನಿಗಮ. ಈ ವರ್ಷದ ಸಹಾಯಧನದ ಸ್ಥಿತಿ ಏನು ಎಂಬುದನ್ನು ಕೃಷಿ ಇಲಾಖೆಯಲ್ಲಿ ಕೇಳಿಕೊಂಡೇ ಸಾಲಕ್ಕೆ ಕೈಹಾಕಿ.

ಯಾವ ದೇಶ, ಯಾವ ಹೆಸರು

ಬೆಲ್ಲ ನಮ್ಮದು ಮಾತ್ರ ಎಂದುಕೊಂಡಿದ್ದರೆ ಆ ಭ್ರಮೆಯನ್ನು ಇಲ್ಲೇ ಬಿಡಬಹುದು. ಕೊಲಂಬಿಯಾದವರು ಇದನ್ನೇ ಪನೇಲಾ ಎನ್ನುತ್ತಾರೆ, ಬ್ರೆಜಿಲ್‌ನವರು ರಪಡೂರಾ, ಮೆಕ್ಸಿಕೋದವರು ಪಿಲೋನ್ಸಿಯೋ, ಜಪಾನಿನ ಒಕಿನಾವಾದವರು ಕೊಕುಟೊ. ಯುರೋಪಿನ ಅಂಗಡಿಗಳಲ್ಲಿ ನಿಮ್ಮ ಎದುರಾಳಿ ಕೊಲ್ಹಾಪುರದವನಿಗಿಂತ ಹೆಚ್ಚಾಗಿ ಕೊಲಂಬಿಯಾದವನು. ಆದ್ದರಿಂದ ಖರೀದಿದಾರರನ್ನು ಹುಡುಕುವಾಗ ಈ ಹೆಸರುಗಳನ್ನೂ ಹಾಕಿ ಹುಡುಕಿ. ಪನೇಲಾ ತರಿಸುವವನಿಗೆ ಬೆಲ್ಲ ಏನೆಂದು ಮೊದಲಿನಿಂದ ವಿವರಿಸುವ ಕಷ್ಟ ಇರುವುದಿಲ್ಲ.

ಮೊದಲ ಸಲಕ್ಕೆ ಕೊಲ್ಲಿ ದೇಶಗಳೇ ಹಗುರ. ಅಲ್ಲಿ ಕನ್ನಡಿಗರಿದ್ದಾರೆ, ಮಲಯಾಳಿಗಳಿದ್ದಾರೆ, ಸಂಕ್ರಾಂತಿಗೂ ಓಣಂಗೂ ಬೆಲ್ಲ ಬೇಕು, ದಾರಿಯೂ ಹತ್ತಿರ. ಆದರೆ ಅಲ್ಲಿಗೆ ಲೇಬಲ್ ಅರಬ್ಬಿಯಲ್ಲೂ ಇರಬೇಕು. ಕೆನಡಾಕ್ಕಾದರೆ ಇಂಗ್ಲಿಷ್, ಫ್ರೆಂಚ್ ಎರಡೂ. ಅಮೆರಿಕಕ್ಕೆ ಕಳಿಸುವ ಘಟಕ ಅಲ್ಲಿಯ ಆಹಾರ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯಲ್ಲಿ ನೋಂದಣಿಯಾಗಿರಬೇಕು, ಅಮೆರಿಕದಲ್ಲೇ ಇರುವ ಒಬ್ಬ ಪ್ರತಿನಿಧಿಯ ಹೆಸರು ಕೊಡಬೇಕು, ಪ್ರತಿ ಸಮಸಂಖ್ಯೆಯ ವರ್ಷದ ಅಕ್ಟೋಬರ್‌ನಿಂದ ಡಿಸೆಂಬರ್‌ನೊಳಗೆ ನವೀಕರಿಸಬೇಕು, ಪ್ರತಿ ಸರಕಿಗೂ ಮುಂಗಡ ಸೂಚನೆ ಸಲ್ಲಿಸಬೇಕು.

ಸಾವಯವ ಎಂಬ ಪದದ ಬಗ್ಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಸಾವಯವ ರಫ್ತಿಗೆ ಎನ್‌ಪಿಒಪಿ, ಅಂದರೆ ನಮ್ಮ ರಾಷ್ಟ್ರೀಯ ಸಾವಯವ ಕಾರ್ಯಕ್ರಮದ ಪ್ರಮಾಣಪತ್ರ ಬೇಕು. ಅದನ್ನು ಹಿಡಿದುಕೊಂಡು ಅಮೆರಿಕಕ್ಕೂ ಹೋಗಬಹುದು ಎಂಬುದು ಹಳೆಯ ಮಾತು. 2021ರಲ್ಲಿ ಅಮೆರಿಕ ಆ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಈಗ ಅವರದೇ ಎನ್‌ಒಪಿ ಪ್ರಮಾಣಪತ್ರ ಪ್ರತ್ಯೇಕವಾಗಿ ಬೇಕು. ಯಾವ ಪ್ರಮಾಣಪತ್ರವೂ ಇಲ್ಲದಿದ್ದರೆ ಆ ಪದವನ್ನು ಲೇಬಲ್ ಹತ್ತಿರಕ್ಕೂ ಬಿಡಬೇಡಿ.

ಕಾಗದಪತ್ರ

ಇದು ಜನ ಹೆದರುವಷ್ಟು ದೊಡ್ಡದಲ್ಲ. ಆಮದು ರಫ್ತು ಸಂಕೇತ, ಅಂದರೆ ಐಇಸಿ, ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಜಾಲತಾಣದಲ್ಲಿ ಸಿಗುತ್ತದೆ. ಶುಲ್ಕ 500 ರೂಪಾಯಿ. ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆಯಾಗುತ್ತದೆ. ಐದು ಸಾವಿರ, ಹತ್ತು ಸಾವಿರ ಕೇಳುವ ಮಧ್ಯವರ್ತಿಗಳಿದ್ದಾರೆ. ಅವರು ಮಾಡುವುದೂ ಇದೇ ಅರ್ಜಿಯನ್ನು ತುಂಬುವುದು. ಆದರೆ ಒಂದನ್ನು ಮರೆಯಬೇಡಿ: ಏನೂ ಬದಲಾಗದಿದ್ದರೂ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ನೊಳಗೆ ಅದೇ ಜಾಲತಾಣಕ್ಕೆ ಹೋಗಿ ವಿವರಗಳನ್ನು ಖಚಿತಪಡಿಸಬೇಕು. ಮಾಡದಿದ್ದರೆ ಸಂಕೇತ ನಿಷ್ಕ್ರಿಯವಾಗುತ್ತದೆ, ಅದು ಗೊತ್ತಾಗುವುದು ಸರಕು ಬಂದರಿನ ಬಾಗಿಲಲ್ಲಿ ನಿಂತಾಗ.

ನಂತರ ಬ್ಯಾಂಕಿನಿಂದ, ರಫ್ತಿನ ಹಣ ಯಾವ ಶಾಖೆಗೆ ಬರುತ್ತದೆಂದು ತೋರಿಸುವ ಎಡಿ ಕೋಡ್ ಎಂಬ ಹದಿನಾಲ್ಕು ಅಂಕಿಯ ಸಂಖ್ಯೆಯ ಪತ್ರ ಪಡೆದು, ಯಾವ ಬಂದರಿನಿಂದ ಕಳಿಸುತ್ತೀರೋ ಆ ಬಂದರಿಗೆ ಕಸ್ಟಮ್ಸ್‌ನ ಐಸ್‌ಗೇಟ್ ತಾಣದಲ್ಲಿ ನೋಂದಾಯಿಸಬೇಕು. ಮದ್ದೂರಿನ ಸಣ್ಣ ಶಾಖೆಯವರಿಗೆ ಎಡಿ ಕೋಡ್ ಎಂದರೆ ತಿಳಿಯದಿರಬಹುದು. ಬೇಸರ ಬೇಡ, ವಿದೇಶಿ ವಿನಿಮಯ ನೋಡಿಕೊಳ್ಳುವ ಮೈಸೂರಿನ ಅಥವಾ ಬೆಂಗಳೂರಿನ ಶಾಖೆಗೆ ಅವರೇ ಕಳಿಸುತ್ತಾರೆ. ಎಫ್‌ಎಸ್‌ಎಸ್‌ಎಐಯ ಆಹಾರ ಸುರಕ್ಷತಾ ಪರವಾನಗಿ ಬೇಕು. ಬೆಲ್ಲವು ಕೃಷಿ ರಫ್ತನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಅಪೆಡಾದ ವ್ಯಾಪ್ತಿಗೆ ಬರುವುದರಿಂದ ಅಲ್ಲಿ ನೋಂದಣಿ ಮಾಡಿಸಿ. ಬೆಂಗಳೂರಿನಲ್ಲೇ ಅವರ ಕಚೇರಿ ಇದೆ. ಜಿಎಸ್‌ಟಿ ಇರುವವರು ಪ್ರತಿ ಆರ್ಥಿಕ ವರ್ಷದ ಆರಂಭದಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು. ಇಲ್ಲವಾದರೆ ಮೊದಲು ಕಟ್ಟಿ, ಆಮೇಲೆ ಮರುಪಾವತಿಗೆ ಕಾಯಬೇಕು.

ಇನ್ನು ಎಚ್‌ಎಸ್ ಸಂಖ್ಯೆ. ಜಗತ್ತಿನ ಪ್ರತಿ ಸರಕಿಗೂ ಒಂದು ಸಂಖ್ಯೆ ಇದೆ. ಮೊದಲ ಆರು ಅಂಕಿ ಎಲ್ಲ ದೇಶಗಳಿಗೂ ಒಂದೇ, ನಮ್ಮಲ್ಲಿ ಒಟ್ಟು ಎಂಟು. ಮೈಸೂರಿನ ಅಗರಬತ್ತಿಗೆ 33074100. ಕಬ್ಬಿನ ಬೆಲ್ಲ 1701ರ ಅಡಿಯಲ್ಲಿ, ಸಕ್ಕರೆಯ ಪಕ್ಕದಲ್ಲೇ ಕುಳಿತಿದೆ. ಈ ನೆರೆಹೊರೆ ಅಪಾಯಕಾರಿ. 2022ರ ಜೂನ್‌ನಿಂದ ನಮ್ಮ ಸರ್ಕಾರ ಸಕ್ಕರೆ ರಫ್ತಿನ ಮೇಲೆ ನಿರ್ಬಂಧ ಹಾಕುತ್ತ ಬಂದಿದೆ. ಗಡಿಬಿಡಿಯಲ್ಲಿ ಸಕ್ಕರೆಯ ಸಂಖ್ಯೆ ಬಿದ್ದರೆ ನಿಮ್ಮ ಬೆಲ್ಲ ಆ ನಿರ್ಬಂಧದ ಬಲೆಗೆ ಬೀಳುತ್ತದೆ. ಕಸ್ಟಮ್ಸ್ ಏಜೆಂಟ್ ಮತ್ತು ಖರೀದಿದಾರ ಇಬ್ಬರೂ ಒಪ್ಪಿದ ಸಂಖ್ಯೆಯನ್ನು ಬರವಣಿಗೆಯಲ್ಲಿ ಇಟ್ಟುಕೊಂಡೇ ಮುಂದುವರಿಯಿರಿ.

ಸುಂಕ ಎಂದರೆ ದಿಲ್ಲಿಯವರ ವಿಷಯ ಎಂದು ನಮ್ಮ ಕಡೆಯವರು ಹೇಳುವಂತಿಲ್ಲ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ 5ಕ್ಕೆ ಇಳಿದಾಗ ಚೀನಾದ ನೂಲು ಬಂದು ಗೂಡಿನ ಬೆಲೆ ಕುಸಿದದ್ದನ್ನು ಮಳವಳ್ಳಿ, ಮದ್ದೂರಿನ ರೇಷ್ಮೆ ಬೆಳೆಗಾರರು ಮರೆತಿಲ್ಲ. ಈಗ ನೀವು ಆ ಗೋಡೆಯ ಇನ್ನೊಂದು ಬದಿಯಲ್ಲಿ ನಿಲ್ಲುತ್ತೀರಿ, ಅಷ್ಟೇ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಬಹುಪಾಲು ಸರಕುಗಳ ಮೇಲಿನ ಹೆಚ್ಚುವರಿ ಸುಂಕವನ್ನು ಒಂದೇ ತಿಂಗಳಲ್ಲಿ ಶೇ 25, ಆಮೇಲೆ ಶೇ 50ಕ್ಕೆ ಏರಿಸಿತು. ಇಂಥ ದರ ಬೆಳಗಾಗುವುದರೊಳಗೆ ಬದಲಾಗಬಹುದಾದ್ದರಿಂದ ಒಪ್ಪಂದಕ್ಕೆ ಸಹಿ ಮಾಡುವ ದಿನದ ದರವನ್ನೇ ನೋಡಬೇಕು, ಸುಂಕ ಖರೀದಿದಾರನದು ಎಂದು ಬರೆಸಿಕೊಳ್ಳಬೇಕು. ಯುಎಇ ಜೊತೆ ನಮ್ಮ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ, ಆಸ್ಟ್ರೇಲಿಯಾ ಜೊತೆಗಿನದು ಅದೇ ವರ್ಷದ ಡಿಸೆಂಬರ್ 29ರಿಂದ ಜಾರಿಯಲ್ಲಿದೆ. ಅವುಗಳ ರಿಯಾಯಿತಿ ಸಿಗಬೇಕಾದರೆ ಸರಕು ಭಾರತದ್ದೇ ಎಂಬ ಮೂಲ ಪ್ರಮಾಣಪತ್ರ ಸರಕಿನ ಜೊತೆಗೆ ಹೋಗಬೇಕು.

ಬೆಲೆ ಹೇಳುವ ಮೊದಲು

ಇಲ್ಲಿ ಸ್ವಲ್ಪ ಕುಳಿತುಕೊಳ್ಳೋಣ, ಏಕೆಂದರೆ ಹೊಸಬರು ಕೈ ಸುಟ್ಟುಕೊಳ್ಳುವುದು ಇಲ್ಲೇ. ಈ ಕೆಳಗಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ನಾನು ಇಟ್ಟುಕೊಂಡವು; ನಿಮ್ಮ ದಿನದ ದರ ಹಾಕಿ ನೋಡಿ.

ಒಂದು ಟನ್ ಪುಡಿ ಬೆಲ್ಲ ಎಂದುಕೊಳ್ಳಿ. ಕೆಜಿಗೆ 65 ರೂಪಾಯಿಯಂತೆ 65,000. ಜರಡಿ ಹಿಡಿದಾಗ ಹೋಗುವ ನಷ್ಟ ಶೇ 3, ಅಂದರೆ 1,950. ಪೊಟ್ಟಣ, ಪೆಟ್ಟಿಗೆ ಕೆಜಿಗೆ 9ರಂತೆ 9,000. ಪರೀಕ್ಷೆ 8,000. ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೊವರೆಗೆ ಲಾರಿ 7,000. ಕಸ್ಟಮ್ಸ್ ಏಜೆಂಟ್ ಮತ್ತು ಕಾಗದಪತ್ರ 12,000. ಬ್ಯಾಂಕ್ 2,000. ಒಟ್ಟು 1,04,950. ಆಲೆಮನೆಯಲ್ಲಿ 65 ಇದ್ದ ಬೆಲ್ಲ ಡಿಪೊ ತಲುಪುವಷ್ಟರಲ್ಲಿ 105 ಆಯಿತು, ನಿಮ್ಮ ಲಾಭ ಇನ್ನೂ ಸೇರಿಲ್ಲ.

ಅದೇ ಐದು ಟನ್ ಆದರೆ? ಬೆಲ್ಲ 3,25,000, ನಷ್ಟ 9,750, ಪೊಟ್ಟಣ 45,000, ಲಾರಿ 12,000. ಪರೀಕ್ಷೆ, ಏಜೆಂಟ್, ಬ್ಯಾಂಕ್ ಮೊದಲಿನಷ್ಟೇ. ಒಟ್ಟು 4,13,750, ಕೆಜಿಗೆ 83ರ ಹತ್ತಿರ. ಒಬ್ಬೊಬ್ಬರೇ ಒಂದೊಂದು ಟನ್ ಕಳಿಸುವ ಬದಲು ಐದು ಆಲೆಮನೆಯವರು ಒಂದು ರೈತ ಉತ್ಪಾದಕ ಕಂಪನಿಯಡಿ ಸೇರಿದರೆ ಕೆಜಿಗೆ 22 ರೂಪಾಯಿ ಉಳಿಯುತ್ತದೆ. ಬೆಲ್ಲದ ಗುಣ ಒಂದೇ ಸಮ ಇರಬೇಕು ಎಂಬ ಜಗಳ ಆಗ ಹುಟ್ಟುತ್ತದೆ, ನಿಜ. ಅದಕ್ಕೇ ಆ ನೋಟ್‌ಬುಕ್ ಐದೂ ಕಡೆ ಇರಬೇಕು.

ಬೆಲೆ ಹೇಳುವಾಗ ಎಫ್‌ಒಬಿ ಎಂದು ಹೇಳಿ. ಅಂದರೆ ಬಂದರಿನಲ್ಲಿ ಹಡಗಿಗೆ ಏರಿಸುವವರೆಗೆ ಖರ್ಚು ನಿಮ್ಮದು, ಅಲ್ಲಿಂದಾಚೆ ಅವರದು. ಡಿಪೊದಿಂದ ಬಂದರಿನವರೆಗಿನ ಸಾಗಣೆ, ಬಂದರಿನ ಖರ್ಚು ನಿಮ್ಮ ಲೆಕ್ಕದಲ್ಲೇ ಇವೆ ಎಂಬುದನ್ನು ಏಜೆಂಟನ ಬಳಿ ಕೇಳಿ ಸೇರಿಸಿಕೊಳ್ಳಿ. ಸಿಐಎಫ್ ಎಂದರೆ ಅವರ ಬಂದರಿನವರೆಗಿನ ಸಾಗಣೆ, ವಿಮೆ ಎರಡೂ ನಿಮ್ಮ ತಲೆಗೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಹೂತಿಗಳ ದಾಳಿ ಶುರುವಾದಾಗ ಯುರೋಪಿಗೆ ಹೋಗುವ ಹಡಗುಗಳು ಆಫ್ರಿಕಾವನ್ನೇ ಸುತ್ತಿಕೊಂಡು ಹೋಗಬೇಕಾಯಿತು, ಬಾಡಿಗೆ ಏರಿತು. ಸಿಐಎಫ್ ದರಕ್ಕೆ ಒಪ್ಪಿಕೊಂಡವರು ಲಾಭವನ್ನು ಸಮುದ್ರಕ್ಕೇ ಸುರಿದರು. ಯೆಮನ್‌ನಲ್ಲಿ ಕ್ಷಿಪಣಿ ಹಾರಿದರೆ ಪಾಂಡವಪುರದಲ್ಲಿ ಲೆಕ್ಕ ತಪ್ಪುತ್ತದೆ ಎಂದು ನನಗೂ ಆಗಲೇ ತಿಳಿದದ್ದು. ನಿಮ್ಮ ದರಪಟ್ಟಿಯ ಕೆಳಗೆ ‘ಹದಿನೈದು ದಿನ ಮಾತ್ರ ಮಾನ್ಯ’ ಎಂದು ಬರೆಯಿರಿ. ಡಾಲರ್ ಲೆಕ್ಕಕ್ಕೆ ಮೊಬೈಲ್‌ನಲ್ಲಿ ಕಾಣುವ ದರ ಹಿಡಿಯಬೇಡಿ, ಬ್ಯಾಂಕ್ ಕೊಳ್ಳುವ ದರ ಅದಕ್ಕಿಂತ ಕಡಿಮೆ ಇರುತ್ತದೆ.

ಕಟ್ಟುವುದು

ಬೆಲ್ಲ ಗಾಳಿಯ ತೇವವನ್ನು ಹೀರುತ್ತದೆ. ಇದು ಗೊತ್ತಿದ್ದೂ ನಾನು ಕೆಟ್ಟೆ. ನನ್ನ ಮೊದಲ ಸರಕು ದುಬೈಗೆ ಹೋದದ್ದು ಆಷಾಢದಲ್ಲಿ. ಹೊರಗೆ ಜಡಿಮಳೆ, ಗೋದಾಮಿನ ಬಾಗಿಲು ತೆರೆದಿತ್ತು. 25 ಕೆಜಿ ಚೀಲದ ಒಳಪದರದ ಬಾಯಿಯನ್ನು ಬಿಸಿಯಿಂದ ಅಂಟಿಸದೆ ದಾರದಲ್ಲಿ ಬಿಗಿದು ಕಟ್ಟಿದ್ದೆವು. ಇಪ್ಪತ್ತೆರಡು ದಿನಗಳ ನಂತರ ಖರೀದಿದಾರ ಒಂದು ಫೋಟೊ ಕಳಿಸಿದರು: ಕತ್ತರಿಸಿದ ಚೀಲ, ಒಳಗೆ ಚೀಲದ ಆಕಾರದಲ್ಲೇ ಗಟ್ಟಿಯಾಗಿ ನಿಂತ ಬೆಲ್ಲ, ಪಕ್ಕದಲ್ಲಿ ಒಂದು ಸುತ್ತಿಗೆ. ಮಾತೇನೂ ಬರೆದಿರಲಿಲ್ಲ. ಪುಡಿ ಬೆಲ್ಲ ಕೇಳಿದವರಿಗೆ ನಾನು ಕಳಿಸಿದ್ದು 25 ಕೆಜಿಯ ಒಂದೊಂದು ಅಚ್ಚು.

ಆ ಮೇಲೆ ಮಾಡಿಕೊಂಡ ಕ್ರಮ ಹೀಗಿದೆ. ಪುಡಿಯನ್ನು ಒಣಗಿಸಿ, ಪೂರ್ತಿ ಆರಿದ ಮೇಲೆ ಮಾತ್ರ ತುಂಬುವುದು. ಬಿಸಿ ಇರುವಾಗಲೇ ತುಂಬಿದರೆ ಒಳಗೇ ಬೆವರುತ್ತದೆ. ಮಳೆಯ ದಿನ ಪ್ಯಾಕಿಂಗ್ ಇಲ್ಲ. ದಪ್ಪ ಒಳಪದರ, ಬಾಯಿಗೆ ಬಿಸಿ ಅಂಟು. ಕಂಟೇನರ್ ಒಳಗೆ ತೇವ ಹೀರುವ ಚೀಲಗಳನ್ನು ನೇತುಹಾಕಿಸುವುದು. ಹಗಲಿನ ಬಿಸಿಲು, ರಾತ್ರಿಯ ತಂಪಿಗೆ ಕಂಟೇನರಿನ ತಗಡಿನ ಚಾವಣಿಯಿಂದ ಹನಿ ಬೀಳುತ್ತದೆ ಎಂಬುದನ್ನು ಲಾರಿಯಲ್ಲಿ ಮಾತ್ರ ಸರಕು ಕಳಿಸಿದವರು ಊಹಿಸಲಾರರು. ಕೆಳಗೆ ಮರದ ಹಲಗೆ ಇಡುವುದಾದರೆ ಅದರ ಮೇಲೆ ಐಎಸ್‌ಪಿಎಂ 15 ಎಂಬ ಮುದ್ರೆ ಇರಬೇಕು. ಹುಳು ಸಾಯುವಂತೆ ಮರವನ್ನು ಕಾಯಿಸಿದ್ದಾರೆ ಎಂಬುದಕ್ಕೆ ಅದು ಗುರುತು. ಪಕ್ಕದ ಸಾಮಿಲ್‌ನಿಂದ ತಂದ ಹಲಗೆ ಹಾಕಿದರೆ, ಚಿನ್ನದಂಥ ಬೆಲ್ಲವನ್ನೂ ಹಲಗೆಯ ನೆಪದಲ್ಲಿ ತಡೆಯುತ್ತಾರೆ.

ಸಣ್ಣದಾಗಿ ಶುರು ಮಾಡುವವರಿಗೆ

ಮಾದರಿ ಮತ್ತು ಸಣ್ಣ ಆರ್ಡರ್‌ಗಳಿಗೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರ ಸಾಕು. ಕಸ್ಟಮ್ಸ್‌ನ ಅರ್ಜಿಯನ್ನು ಆನ್‌ಲೈನ್‌ನಲ್ಲೇ ತುಂಬಿ ಪೆಟ್ಟಿಗೆಯನ್ನು ಅಂಚೆ ಕಚೇರಿಗೆ ಒಪ್ಪಿಸಬಹುದು. ನಿಮ್ಮ ಹತ್ತಿರದ ಯಾವ ಕಚೇರಿಯಲ್ಲಿ ಈ ಸೌಲಭ್ಯ ಇದೆ ಎಂದು ಪ್ರಧಾನ ಅಂಚೆ ಕಚೇರಿಯಲ್ಲಿ ಕೇಳಿ. ಆದರೆ ಇದೂ ಜಗತ್ತಿನ ರಾಜಕೀಯದಿಂದ ಹೊರಗಿಲ್ಲ. 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಂದು ನಿಲ್ಲಿಸಿದಾಗ, ನಮ್ಮ ಅಂಚೆಯವರು ಅಲ್ಲಿಗೆ ಬಹುಪಾಲು ಪಾರ್ಸೆಲ್ ಸ್ವೀಕರಿಸುವುದನ್ನೇ ಕೆಲವು ವಾರ ಬಿಟ್ಟಿದ್ದರು. ಅಕ್ಟೋಬರ್ 15ರಂದು ಮತ್ತೆ ಶುರುವಾಯಿತು.

ಕೊರಿಯರ್‌ನಲ್ಲಾದರೆ ತೂಕ ಮತ್ತು ಗಾತ್ರ ಎರಡರಲ್ಲಿ ಹೆಚ್ಚಿನದಕ್ಕೆ ಹಣ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 40, 30, 30ರ ಪೆಟ್ಟಿಗೆ 7.2 ಕೆಜಿ ಎಂದು ಲೆಕ್ಕ. ಬೆಲ್ಲ ಭಾರವಾದ್ದರಿಂದ ನಮಗೆ ಇದರ ಬಿಸಿ ತಟ್ಟುವುದಿಲ್ಲ. ಜೊತೆಗೆ ಮದ್ದೂರು ವಡೆಯನ್ನೋ ಚಕ್ಕುಲಿಯನ್ನೋ ಕಳಿಸಲು ಹೊರಟವರು ಮಾತ್ರ ಗಾಳಿಗೆ ಬಾಡಿಗೆ ಕೊಡುತ್ತೀರಿ.

ಹಣ

ಮೊದಲ ವ್ಯವಹಾರಕ್ಕೆ ಅರ್ಧ ಮುಂಗಡ, ಉಳಿದದ್ದು ಹಡಗಿನ ರಸೀದಿಯ ಪ್ರತಿ ಕಳಿಸಿದ ಮೇಲೆ, ಸರಕು ಬಿಡಿಸಿಕೊಳ್ಳಲು ಬೇಕಾದ ಮೂಲ ರಸೀದಿಯನ್ನು ಬಿಟ್ಟುಕೊಡುವ ಮೊದಲು. ದೊಡ್ಡ ಮೊತ್ತಕ್ಕೆ ಲೆಟರ್ ಆಫ್ ಕ್ರೆಡಿಟ್, ಅಂದರೆ ಕಾಗದಪತ್ರ ಸರಿಯಿದ್ದರೆ ಹಣ ಕೊಡುತ್ತೇವೆಂದು ಖರೀದಿದಾರನ ಬ್ಯಾಂಕ್ ಬರೆದುಕೊಡುವ ಎಲ್‌ಸಿ, ಕೇಳಿ. ಎಲ್‌ಸಿಯಲ್ಲಿ ಬರೆದ ಒಂದೊಂದು ಅಕ್ಷರವೂ ನಿಮ್ಮ ಇನ್‌ವಾಯ್ಸ್‌ನಲ್ಲಿ ಹಾಗೆಯೇ ಇರಬೇಕು. ಪುಡಿ ಬೆಲ್ಲ ಎಂದಿರುವಲ್ಲಿ ಬೆಲ್ಲದ ಪುಡಿ ಎಂದು ಬರೆದದ್ದಕ್ಕೂ ಬ್ಯಾಂಕ್ ಹಣ ತಡೆಯಬಹುದು. ಸಾಲದ ಮೇಲೆ ಕೊಡಲೇಬೇಕಾಗಿ ಬಂದರೆ ಇಸಿಜಿಸಿ ವಿಮೆ ಮಾಡಿಸಿ. ಖರೀದಿದಾರ ಕೈಕೊಟ್ಟರೆ ನಷ್ಟದ ದೊಡ್ಡ ಪಾಲನ್ನು ತುಂಬಿಕೊಡಲೆಂದೇ ಕೇಂದ್ರ ಸರ್ಕಾರ 1957ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಆರ್ಡರ್ ಕೊಡುವ ಮೊದಲು ನಿಮ್ಮಿಂದಲೇ ‘ನೋಂದಣಿ ಶುಲ್ಕ’ ಕೇಳುವವನು ಖರೀದಿದಾರನಲ್ಲ. ಮೋಸಗಾರರು ಮಿಂಚಂಚೆಗೆ ನುಗ್ಗಿ ನಿಮ್ಮ ಹೆಸರಿನಲ್ಲಿ ಬೇರೆ ಖಾತೆ ಸಂಖ್ಯೆ ಕಳಿಸುವುದೂ ಉಂಟು. ಆದ್ದರಿಂದ ಖಾತೆ ಬದಲಾಗಿದೆ ಎಂಬ ಪತ್ರ ಬಂದರೆ ಫೋನ್ ಮಾಡಿ ಕೇಳದೆ ಹಣ ಹಾಕಬೇಡಿ ಎಂದು ಖರೀದಿದಾರರಿಗೆ ಮೊದಲೇ ಹೇಳಿಡಿ.

ಹಣ ಬಂದ ಮೇಲೆ ಬ್ಯಾಂಕಿನ ಸ್ವೀಕೃತಿ ವಿವರವನ್ನು ಆ ರಫ್ತಿನ ಶಿಪ್ಪಿಂಗ್ ಬಿಲ್‌ಗೆ (ಕಸ್ಟಮ್ಸ್‌ಗೆ ಸಲ್ಲಿಸಿದ ರಫ್ತು ಘೋಷಣೆಗೆ) ಹೊಂದಿಸಿ ಮುಗಿಸಿ. ಅದು ತೆರೆದೇ ಉಳಿದರೆ, ಹಣ ಬಂದಿದ್ದರೂ ಬಾರದ ಲೆಕ್ಕದಲ್ಲಿ ಬ್ಯಾಂಕಿನವರು ನಿಮ್ಮನ್ನು ಕಾಡುತ್ತಾರೆ.

ಇನ್ನೊಂದು ಕೆಲಸ ಬಾಕಿ ಇದೆ. ಕಳಿಸಿದ ಪ್ರತಿ ಬ್ಯಾಚ್‌ನಿಂದ ಅರ್ಧ ಕೆಜಿ ಬೆಲ್ಲವನ್ನು ಗಾಜಿನ ಭರಣಿಯಲ್ಲಿ ಮುಚ್ಚಿ, ತಾರೀಖು ಬರೆದು, ಕತ್ತಲಿನ ಕಪಾಟಿನಲ್ಲಿಡಿ. ನನ್ನ ಕಪಾಟಿನಲ್ಲಿ ಈಗ ಮೂವತ್ತೊಂದು ಭರಣಿಗಳಿವೆ. ಹೋದ ವರ್ಷ ಒಬ್ಬರು ಏಳು ತಿಂಗಳ ನಂತರ ಬರೆದರು, ಬಣ್ಣ ಕಪ್ಪಾಗಿದೆ, ಹಣ ವಾಪಸು ಕೊಡಿ ಎಂದು. ಹದಿನೇಳನೆಯ ಭರಣಿ ತೆಗೆದು, ಅವರಿಗೆ ಕಳಿಸಿದ್ದ ದಿನದ ಫೋಟೊ ಪಕ್ಕದಲ್ಲಿಟ್ಟು ತೋರಿಸಿದೆ. ಬೆಲ್ಲ ಹಾಗೆಯೇ ಇತ್ತು. ಅವರ ಗೋದಾಮಿನ ಚಾವಣಿ ಸೋರುತ್ತಿತ್ತಂತೆ.